ರಷ್ಯನ್ ದಂಪತಿಯ ಮನೆತನದ ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವೇಕೆ?

ಪ್ರಶ್ನೆ (ಆಗುಂಬೆ ಹೋಂಸ್ಟೇ):
ಆಗುಂಬೆಯ ಬಳಿ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಕಳೆದ ವಾರ ರಷ್ಯಾದ ದಂಪತಿ ಬಂದಿದ್ದರು. ವಿದೇಶಿಯರು ತಂಗಿದಾಗ ತುಂಬಬೇಕಾದ ಸಿ ಫಾರಂಗಾಗಿ ಗಂಡನ ಮನೆತನದ ಹೆಸರು ಕುಜ್ನೆತ್ಸೋವ್ ಎಂದೂ ಹೆಂಡತಿಯದು ಕುಜ್ನೆತ್ಸೋವಾ ಎಂದೂ ಬರೆದುಕೊಟ್ಟರು. ಬರೆಯುವಾಗ ಕೈತಪ್ಪಿರಬೇಕೆಂದು ಭಾವಿಸಿ ಕೊನೆಯ ‘ಆ’ಕಾರವನ್ನು ಹೊಡೆದುಹಾಕಿದೆ, ಆಮೇಲೆ ಪಾಸ್‌ಪೋರ್ಟ್ ತೆರೆದರೆ ಅಲ್ಲಿಯೂ ಹಾಗೆಯೇ ಇತ್ತು, ಫಾರಂ ಮತ್ತೆ ತುಂಬಬೇಕಾಯಿತು. ಇವು ಎರಡು ಬೇರೆ ಹೆಸರುಗಳೇ? ಕೆಲವು ‘ಓವ್’, ಕೆಲವು ‘ಇನ್’, ಕೆಲವು ‘ಸ್ಕಿ’ ಎಂದು ಮುಗಿಯುವುದೇಕೆ?

ಉತ್ತರ (ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರು):
ಹೆಸರು ಒಂದೇ, ಲಿಂಗ ಬೇರೆ. ನಮ್ಮ ಕಡೆ ಹೊಸ ಹುಡುಗನನ್ನು ಕಂಡರೆ ‘ನೀನು ಯಾರ ಮನೆಯವನು’ ಎಂದು ಕೇಳುತ್ತೇವಲ್ಲ, ಬಹುಪಾಲು ರಷ್ಯನ್ ಮನೆತನದ ಹೆಸರುಗಳು ಆ ಪ್ರಶ್ನೆಗೆ ಯಾವುದೋ ಕಾಲದಲ್ಲಿ ಕೊಟ್ಟ ಉತ್ತರವೇ ಗಟ್ಟಿಯಾಗಿ ಉಳಿದದ್ದು. ಇವಾನೋವ್ ಎಂದರೆ ‘ಇವಾನನ’ ಎಂಬ ಷಷ್ಠಿಯ ಅರ್ಥವುಳ್ಳ ವಿಶೇಷಣ. ವಿಶೇಷಣವಾದ್ದರಿಂದ ಲಿಂಗಕ್ಕೆ ತಕ್ಕಂತೆ ಬದಲಾಗಿ ಮಗಳಿಗೂ ಹೆಂಡತಿಗೂ ಇವಾನೋವಾ ಆಗುತ್ತದೆ. ಮೂಲಪದ ವ್ಯಂಜನದಲ್ಲಿ ಮುಗಿದರೆ ‘ಓವ್’ ಅಥವಾ ‘ಎವ್’, ‘ಆ’ಕಾರದಲ್ಲಿ ಮುಗಿದರೆ ‘ಇನ್’ ಸೇರುತ್ತದೆ: ನಿಕೀತಾ ಎಂಬವನ ಮನೆಯವರು ನಿಕೀತಿನ್. ನಿಮ್ಮ ಅತಿಥಿಗಳ ಹೆಸರಿನಲ್ಲಿರುವ ‘ಕುಜ್ನೆತ್ಸ್’ ಎಂದರೆ ಕಮ್ಮಾರ. 1961ರಲ್ಲಿ ಬಾಹ್ಯಾಕಾಶಕ್ಕೆ ಹೋದ ಗಗಾರಿನ್‌ನ ಹೆಸರಿನಲ್ಲಿ ‘ಗಗಾರ’ ಎಂಬ ನೀರುಹಕ್ಕಿ ಇದೆ.

ನನಗೆ ಹೆಚ್ಚು ಹಿಡಿಸುವುದು ನೆಕ್ರಾಸೋವ್. ‘ನೆಕ್ರಾಸ್’ ಎಂದರೆ ಚೆಂದವಿಲ್ಲದವನು. ಮಗುವಿಗೆ ಕೆಟ್ಟ ದೃಷ್ಟಿ ತಾಗದಿರಲೆಂದು ಹಿಂದೆ ಅಂತಹ ಹೆಸರಿಡುತ್ತಿದ್ದರು. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನದಕ್ಕೆ ತಿಪ್ಪ, ಗುಂಡ ಎಂದು ಕರೆದ ನಮ್ಮ ಅಜ್ಜಿಯರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ.

ಉತ್ತರ (ಸಾಗರದಿಂದ):
ಮೇಷ್ಟ್ರ ಮಾತು ಸರಿ, ಆದರೆ ‘ಸ್ಕಿ’ ಬಿಟ್ಟುಹೋಯಿತು. ಅದು ಅನೇಕ ಸಲ ಊರಿನ ಗುರುತು. ಕಾದಂಬರಿಕಾರ ದಾಸ್ತಯೇವ್‌ಸ್ಕಿಯ ಮನೆತನ ಇಂದಿನ ಬೆಲಾರೂಸಿನಲ್ಲಿರುವ ದಾಸ್ತಯೇವೊ ಎಂಬ ಹಳ್ಳಿಯಿಂದ ಆ ಹೆಸರು ಪಡೆಯಿತು. ಕುಪ್ಪಳಿ ಪುಟ್ಟಪ್ಪನವರ ಇನಿಷಿಯಲ್ಲಿನಲ್ಲಿ ಊರು ಕುಳಿತಂತೆಯೇ. ‘ಸ್ಕಿ’ ಕಂಡೊಡನೆ ಜಮೀನ್ದಾರರೆಂದು ತಿಳಿಯಬಾರದು: ಪಾದ್ರಿಗಳ ಮಕ್ಕಳಿಗೆ ಸೆಮಿನರಿಗಳಲ್ಲಿ, ಅಂದರೆ ಧರ್ಮಶಿಕ್ಷಣದ ಶಾಲೆಗಳಲ್ಲಿ, ಹಬ್ಬ, ಚರ್ಚುಗಳ ಹೆಸರಿನಿಂದ ತ್ರೋಯಿತ್ಸ್ಕಿ, ವಜ್ನೆಸೆನ್‌ಸ್ಕಿ ಎಂದು ಹೆಸರು ಕೊಡುತ್ತಿದ್ದರು. ಇವರ ಹೆಣ್ಣುಮಕ್ಕಳು ‘ಸ್ಕಯಾ’ ಆಗುತ್ತಾರೆ. ಉತ್ತರ ರಷ್ಯಾ ಮತ್ತು ಸೈಬೀರಿಯದ ಚೆರ್ನಿಖ್, ಸೆದಿಖ್ ಮುಂತಾದವು ‘ಕರಿಯರ ಮನೆಯವರು’, ‘ನರೆಗೂದಲವರ ಮನೆಯವರು’ ಎಂಬ ಬಹುವಚನದ ಷಷ್ಠಿರೂಪ. ಇವು ಗಂಡಿಗೂ ಹೆಣ್ಣಿಗೂ ಒಂದೇ. ಉಕ್ರೇನಿನ ‘ಎಂಕೊ’ ಕೂಡ ಹಾಗೆಯೇ.

ಎಲ್ಲರಿಗೂ ಇಂತಹ ಹೆಸರು ಮೊದಲಿನಿಂದ ಇರಲಿಲ್ಲ. ಶ್ರೀಮಂತ ವಂಶಗಳಲ್ಲಿ ಮೊದಲು ನೆಲೆಯಾಯಿತು. 1861ರಲ್ಲಿ ಜೀತ ರದ್ದಾದಾಗಲೂ ಅನೇಕ ರೈತರಿಗೆ ಸ್ಥಿರವಾದ ಮನೆತನದ ಹೆಸರು ಇರಲಿಲ್ಲ. ಇನ್ನೊಂದು ಮಾತು: ಗೌರವದಿಂದ ಕರೆಯುವಾಗ ಅವರು ಮನೆತನದ ಹೆಸರು ಬಳಸುವುದಿಲ್ಲ, ಸ್ವಂತ ಹೆಸರಿನೊಂದಿಗೆ ತಂದೆಯ ಹೆಸರನ್ನು ಸೇರಿಸುತ್ತಾರೆ. ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ ತೆರೆಷ್ಕೋವಾ ಅವರನ್ನು ವಲೆಂತೀನಾ ವ್ಲಾದಿಮಿರೊವ್ನಾ ಎನ್ನಬೇಕು, ಅಂದರೆ ವ್ಲಾದಿಮಿರನ ಮಗಳು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಓದಿದ ಮೇಲೆ ಹಳೆಯ ರಿಜಿಸ್ಟರ್ ತೆಗೆದು ನೋಡಿದೆ. ಎರಡು ವರ್ಷದ ಹಿಂದೆ ಬಂದಿದ್ದ ಇಲ್ಯೀನಾ ಎಂಬುವರ ಕೊನೆಯ ಅಕ್ಷರದ ಮೇಲೂ ಕೆಂಪು ಶಾಯಿಯ ಗೆರೆ ಇದೆ, ಅಕ್ಷರ ನನ್ನದೇ.