“ಜೋಳಿಗೆ ಹಿಡಿದು ಹೊರಟ ಹಾಗಾಗಿದೆ” ಅಂದವರಿಗೆ ಓದುಗರ ಸ್ಪಂದನ

ಹೋದ ತಿಂಗಳು ಗದಗ ಕಡೆಯ ಓದುಗರೊಬ್ಬರು ಬರೆದಿದ್ದ ಸಮಸ್ಯೆ ನೆನಪಿರಬಹುದು. ವಯಸ್ಸು 34, ನರ್ಸ್. ಗಂಡ ಕೃಷಿ ಡಿಪ್ಲೊಮಾ ಮಾಡಿದವರು, ಏಳು ವರ್ಷದ ಮಗಳು. ಆಫ್ರಿಕಾದ ಮಲಾವಿ ದೇಶದ ಒಂದು ಹಳ್ಳಿ ಆಸ್ಪತ್ರೆಗೆ ಮಿಷನರಿಗಳಾಗಿ ಹೋಗೋಕೆ ಆಯ್ಕೆ ಆಗಿದಾರೆ. ಕಳಿಸೋ ಸಂಸ್ಥೆ ಸಂಬಳ ಕೊಡಲ್ಲ, ತಿಂಗಳ ಖರ್ಚಿನ ಮುಕ್ಕಾಲು ಭಾಗ ಕೊಡ್ತೀವಿ ಅಂತ ಜನ ಮಾತು ಕೊಟ್ಟ ಮೇಲೇ ಟಿಕೆಟ್ ಅಂದಿದೆ. ಹದಿನಾಲ್ಕು ತಿಂಗಳಿಂದ ಸಭೆ ಸಭೆ (ಅಂದ್ರೆ ಚರ್ಚು ಚರ್ಚು) ತಿರುಗಿದ್ರೂ ಅರ್ಧ ಮುಟ್ಟಿಲ್ಲ. “ಶಾಲು ಹಾಕ್ತಾರೆ, ಫೋಟೋ ತೆಗೀತಾರೆ, ಕವರ್‌ನಲ್ಲಿ ಐನೂರು ಇಟ್ಟು ಕಳಿಸ್ತಾರೆ. ಮಾವ ಇದನ್ನ ಭಿಕ್ಷೆ ಅಂತಾರೆ. ‘ಇಲ್ಲೇ ಯಾಕೆ ಮಾಡಬಾರ್ದು’ ಅಂತ ಕೇಳಿದವ್ರ ಮೇಲೆ ಸಿಟ್ಟು ಮಾಡ್ಕೊಂಡೆ. ಎಲ್ಲಾ ಬಿಟ್ಟು ಗಲ್ಫ್‌ಗೆ ಕೆಲ್ಸಕ್ಕೆ ಹೋಗಿಬಿಡ್ಲಾ ಅನ್ಸುತ್ತೆ” ಅಂತ ಬರೆದಿದ್ರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ. ಹೆಸರು ಬೇಡ ಅಂದವರೇ ಜಾಸ್ತಿ, ಅದಕ್ಕೆ ಊರು ಮಾತ್ರ ಹಾಕಿದೀವಿ.

ತಂಗಿ, ನಾ ಸಭಾಪಾಲಕ, ಅಂದ್ರ ಚರ್ಚಿನ ಪಾದ್ರಿ. ನಿಮ್ಮಂಥವ್ರು ಬಾಗ್ಲಿಗೆ ಬಂದಾಗ ಒಳಗಿಂದ ಹೆಂಗ ಕಾಣ್ತೈತಿ ಅನ್ನೂದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ವರ್ಷಕ್ಕ 52 ಭಾನುವಾರ. ಅದ್ರಾಗ ಈಸ್ಟರ್, ಸುಗ್ಗಿ ಹಬ್ಬ, ಕ್ರಿಸ್‌ಮಸ್, ಸ್ತ್ರೀಯರ ಭಾನುವಾರ, ಯೌವನಸ್ಥರ ಭಾನುವಾರ, ಡಯೋಸಿಸ್‌ನಿಂದ (ಬಿಷಪ್ಪರ ಆಫೀಸಿನಿಂದ) ಸುತ್ತೋಲೆ ಬಂದ ಭಾನುವಾರ, ಇವೆಲ್ಲಾ ತಗದ್ರ ಉಳಿಯೂದು ಎಷ್ಟು ನೀವ ಲೆಕ್ಕಾ ಹಾಕ್ರಿ. ಉಳದಿದ್ದಕ್ಕ ಅನಾಥಾಶ್ರಮದವ್ರು, ಕಟ್ಟಡ ಫಂಡ್‌ನವ್ರು, ಬೈಬಲ್ ಕಾಲೇಜಿನವ್ರು ಸಾಲು ಹಚ್ಚಿರ್ತಾರ. ಶನಿವಾರ ರಾತ್ರಿ ಫೋನ್ ಮಾಡಿ “ನಾಳೆ ಐದ್ ನಿಮಿಷ ಕೊಡ್ರಿ ಅಯ್ನೋರ” ಅಂದ್ರ ಕೊಡ್ತೀನಿ, ಆದ್ರ ಐದ್ ನಿಮಿಷದಾಗ ಜನಕ್ಕ ಮಲಾವಿ ಎಲ್ಲೈತಿ ಅನ್ನೂದ ತಿಳಿಯಂಗಿಲ್ಲ, ಶಾಲು ಹಾಕಿ ಕಳಸೂದ ಆಗ್ತೈತಿ. ಮೂರ್ ತಿಂಗಳ ಮೊದಲ ಬರೀರಿ. ಶನಿವಾರ ಸಂಜೀಕೇ ಬಂದು ಯಾರದರ ಮನ್ಯಾಗ ಉಳೀರಿ, ಲಾಡ್ಜ್ ಬ್ಯಾಡ. ನಿಮ್ಮ ಕೂಡ ಕುಂತು ರೊಟ್ಟಿ ತಿಂದ ಮನಿಯವ್ರು ಹತ್ತು ವರ್ಷ ನಿಮ್ಮ ಕೈ ಬಿಡಂಗಿಲ್ಲ, ನಾ ನೋಡೇನಿ. ಬುಧವಾರದ ಮನಿ ಪ್ರಾರ್ಥನಿಗೆ ಇಪ್ಪತ್ತ ಮಂದಿ ಬರ್ತಾರ, ಆದ್ರ ಖರೆ ಕೊಡಾವ್ರು ಅವ್ರ. ಮತ್ತ “ನಮಗಾಗಿ ಪ್ರಾರ್ಥನೆ ಮಾಡ್ರಿ” ಅಂತ ಅಷ್ಟ ಹೇಳಿ ಇಳದು ಬರಬ್ಯಾಡ್ರಿ. ತಿಂಗಳಿಗೆ ಇಷ್ಟು ಬೇಕು, ಇಷ್ಟು ಆಗೇತಿ, ಇಷ್ಟು ಬಾಕಿ ಐತಿ ಅಂತ ಅಂಕಿ ಹೇಳ್ರಿ. ಹೇಳದ ಇದ್ರ ಯಾರೋ ಫಾರಿನ್‌ನವ್ರು ಕೊಡ್ತಿರಬೇಕು ಬಿಡು ಅಂತ ತಿಳ್ಕೋತಾರ. ನಮ್ಮ ಜನದ ತಲ್ಯಾಗ ಮಿಷನ್ ಅಂದ್ರ ಇನ್ನೂ ಜರ್ಮನಿಯಿಂದ ರೊಕ್ಕ ಬರೂದು, ಕೊಡೂದಲ್ಲ.
ಸಭಾಪಾಲಕರು, ಹುಬ್ಬಳ್ಳಿ

ನನ್ನ ಅಜ್ಜನ ಅಪ್ಪ ಮಂಗಳೂರಿನಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ ನಡೆಸುತ್ತಿದ್ದ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು, 1865ರಲ್ಲಿ ಶುರುವಾದ ಕಾರ್ಖಾನೆ ಅದು. ನಿಮ್ಮ ಪತ್ರ ಓದಿ ನನಗೆ ಮೊದಲು ತಲೆಗೆ ಬಂದದ್ದು ಒಂದೇ, 1834ರಲ್ಲಿ ಇಲ್ಲಿಗೆ ಬಂದ ಆ ಮಿಷನ್ನಿನ ಮೊದಲ ಮೂರು ಜನರಿಗೆ ಯಾರು ಕೊಟ್ಟರು ಮಾರಾಯ್ರೆ? ಅವರೇನು ರಾಜರ ಮಕ್ಕಳಲ್ಲ. ಆಮೇಲೆ ಸ್ವಿಟ್ಜರ್‌ಲೆಂಡ್, ದಕ್ಷಿಣ ಜರ್ಮನಿ ಕಡೆ ಒಂದು ಪದ್ಧತಿಯೇ ಮಾಡಿದರು, ವಾರಕ್ಕೆ ಅರ್ಧ ಬಾಟ್ಸನ್, ಅಂದರೆ ಐದು ರಾಪನ್, ಚಿಲ್ಲರೆಯಲ್ಲಿ ಚಿಲ್ಲರೆ, ಅದನ್ನು ಮನೆಮನೆಯಿಂದ ಒಟ್ಟು ಮಾಡಲಿಕ್ಕೆ ಜನ ಇದ್ದರು. ಮನೆಕೆಲಸದ ಹೆಂಗಸೂ ಕೊಡಬಹುದಾದ ದುಡ್ಡು ಅದು. ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ತಂದರು, ಕಿಟೆಲ್ 1894ರಲ್ಲಿ ನಿಘಂಟು ಕೊಟ್ಟರು ಅಂತ ನಾವು ಇವತ್ತಿಗೂ ಭಾಷಣ ಮಾಡ್ತೇವೆ, ಅಂಥವರ ಊಟದಲ್ಲಿ ಆ ಚಿಲ್ಲರೆಯ ಪಾಲೂ ಉಂಟು. ತಿರುನೆಲ್ವೇಲಿಯವರು ನೋಡಿ, 1903ರಲ್ಲೇ, ಮುಂದೆ ಬಿಷಪ್ ಆದ ವಿ. ಎಸ್. ಅಜರಯ್ಯನವರ ಜೊತೆ ಸೇರಿ ತಮ್ಮದೇ ಮಿಷನರಿ ಸೊಸೈಟಿ ಕಟ್ಟಿದರು, ನಮ್ಮದೇ ಜನ, ನಮ್ಮದೇ ಹಣ ಅಂತ. ನಾವು ಮಾತ್ರ ಇನ್ನೂ ಹಳೇ ಬಂಗ್ಲೆಯ ಬಾಡಿಗೆ ಎಣಿಸ್ತಾ ಕೂತಿದ್ದೇವೆ. ಅದು ಬಿಡಿ, ಬೇರೆ ವಿಷಯ.

ನನ್ನ ಸಲಹೆ, ತಿಂಗಳಿಗೆ ಐದು ಸಾವಿರ ಕೊಡುವ ಡಾಕ್ಟ್ರನ್ನು ಹುಡುಕಿಕೊಂಡು ಹೋಗಬೇಡಿ. ನೂರು ರೂಪಾಯಿ ಕೊಡುವ ಮುನ್ನೂರು ಜನ ಹುಡುಕಿ. ಡಾಕ್ಟ್ರು ಒಬ್ಬರು ಮನಸ್ಸು ಬದಲಿಸಿದರೆ ನಿಮ್ಮ ಮನೆ ಬಾಡಿಗೆಯೇ ಹೋಯಿತು, ನೂರು ರೂಪಾಯಿಯವರು ಹತ್ತು ಜನ ಬಿಟ್ಟರೂ ಒಲೆ ಉರೀತದೆ.
ಮಂಗಳೂರು

ನಾನು ಲಿಂಗಾಯತ, ರಿಟೈರ್ಡ್ ಮಾಸ್ತರ. ಮತಾಂತರದ ವಿಷಯದಾಗ ನನಗ ತಕರಾರು ಐತಿ, ಅದನ್ನ ಮೊದಲ ಹೇಳಿಬಿಡ್ತೀನಿ. ಆದ್ರ ಜೋಳಿಗಿ ಹಿಡದ್ರ ಮಾನ ಹೋತು ಅನ್ನೂಹಂಗ ನೀವು ಬರದದ್ದು ನನಗ ಚುಚ್ಚಿತು. ಇಳಕಲ್ಲ ಮಠದ ಮಹಾಂತ ಅಪ್ಪಗೋಳು ಜೋಳಿಗಿ ಹಾಕ್ಕೊಂಡು ಊರೂರು ತಿರಗಿ ಏನ್ ಬೇಡಿದ್ರು ಗೊತ್ತೇನ್ರಿ? ಕುಡಿಯೂದು, ಗುಟ್ಕಾ, ಬೀಡಿ, ನಿಮ್ಮ ಚಟ ಇದ್ರಾಗ ಹಾಕ್ರಿ ಅಂದ್ರು. ಅವ್ರು ಹುಟ್ಟಿದ ದಿನ ಆಗಸ್ಟ್ 1, ಸರಕಾರನ ಅದನ್ನ ವ್ಯಸನಮುಕ್ತ ದಿನ ಅಂತ ಮಾಡೇತಿ. ನಮ್ಮ ಕಡೆ ಎಷ್ಟೋ ಸಾಲಿ, ಬೋರ್ಡಿಂಗು ನಡದದ್ದ ಜೋಳಿಗಿ ಕಾಳಿನ ಮ್ಯಾಲ. ಜಂಗಮ ಬಂದು ನಿಂತ್ರ ನಮ್ಮವ್ವ ಮೊರದಾಗ ಜೋಳ ತಂದು ಹಾಕಿ ಕಾಲಿಗೆ ಬೀಳ್ತಿದ್ಲು. ಕೊಟ್ಟಾಕಿ ಬೀಳ್ತಿದ್ಲು ಮತ್ತ, ಇಸ್ಕೊಂಡಾಂವ ಅಲ್ಲ. ನಿಮ್ಮ ಮಾವನೋರಿಗೆ ಇಷ್ಟ ಓದಿ ಹೇಳ್ರಿ.
ಬಾಗಲಕೋಟೆ

ಸಿಸ್ಟರ್, ನಾನೂ ನರ್ಸೇ, ಕುವೈತ್‌ನಲ್ಲಿದೀನಿ. ಗಲ್ಫ್‌ಗೆ ಬರೋದು ಪಾಪ ಏನಲ್ಲ. ಬೈಬಲ್‌ನ ಪೌಲನೂ ಡೇರೆ ಹೊಲ್ಕೊಂಡೇ ಸೇವೆ ಮಾಡಿದ್ದು, ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದು ದುಡ್ಡು ಖಾಲಿ ಆದಾಗ ನೀಲಿ ಬಣ್ಣ ಮಾಡೋ ಕಾರ್ಖಾನೆ ನೋಡ್ಕೊಂಡು ಹೊಟ್ಟೆ ಹೊರ್ಕೊಂಡ. ಸಾಲ ಗೀಲ ಇದ್ರೆ ಬಂದು ದುಡಿದು ತೀರಿಸ್ಕೊಂಡು ಆಮೇಲೆ ಮಲಾವಿಗೆ ಹೋಗಿ ಅಂತ ಬರೆಯೋಣ ಅಂತಾನೇ ಕೂತೆ. ಆದ್ರೆ ನಾನು ಎರಡು ವರ್ಷ ಅಂತ ಬಂದೋಳು, ಹನ್ನೊಂದು ಆಯ್ತು. ಅದನ್ನೂ ಲೆಕ್ಕಕ್ಕೆ ತಗೊಳ್ಳಿ.
ಕುವೈತ್

ನಾವು ಗಂಡ ಹೆಂಡ್ತಿ ಮಲಾವಿಯಲ್ಲೇ ಆರು ವರ್ಷ ಇದ್ದು ಹೋದ ವರ್ಷ ವಾಪಸ್ ಬಂದ್ವಿ ಅದಕ್ಕೇ ಸ್ವಲ್ಪ ಉದ್ದ ಬರೀತೀನಿ ಕ್ಷಮಿಸಿ. ನೀವು ಬಜೆಟ್‌ನ ರೂಪಾಯಿಯಲ್ಲಿ ಹಾಕಿದೀರಾ ಅಂತ ನನಗೆ ಡೌಟು. ಹಾಗೆ ಮಾಡ್ಬೇಡಿ. 2021ರಲ್ಲಿ ಡಾಲರ್ 74 ರೂಪಾಯಿ ಆಸುಪಾಸು ಇತ್ತು, 2023ಕ್ಕೆ 83 ಆಗೋಯ್ತು, ಇಲ್ಲಿ ಜನ ಕೊಡೋ ನೂರು ರೂಪಾಯಿ ನೂರೇ, ಅಲ್ಲಿ ಮುಟ್ಟೋದು ಕಮ್ಮಿ ಆಗ್ತಾ ಹೋಗುತ್ತೆ. ಅದು ಸಾಲ್ದು ಅಂತ 2023ರ ನವೆಂಬರ್‌ನಲ್ಲಿ ಅಲ್ಲಿನ ರಿಸರ್ವ್ ಬ್ಯಾಂಕ್ ಅಲ್ಲಿನ ಹಣ ಕ್ವಾಚಾದ ಬೆಲೆ ಇಳಿಸಿ, ಡಾಲರ್ ಒಂದೇ ಸಲ 44% ದುಬಾರಿ ಆಗೋ ಹಾಗೆ ಮಾಡ್ತು. ಡಾಲರ್ ಇರೋರಿಗೆ ಲಾಭ ಅಲ್ವಾ ಅಂತ ಇಲ್ಲಿ ಕೂತು ಅನ್ಸುತ್ತೆ, ಅಲ್ಲಿ ಸಕ್ಕರೆ ಎಣ್ಣೆ ಸೋಪು ಎಲ್ಲಾ ಹಿಂದೆಯೇ ಏರ್ತು, ಪೆಟ್ರೋಲ್‌ಗೆ ಕ್ಯೂ ನಿಂತು ನಿಂತು ನಮ್ಮವರು ಬಂಕ್‌ನಲ್ಲೇ ಪ್ರಸಂಗ (ಚರ್ಚ್‌ನಲ್ಲಿ ಮಾಡೋ ಉಪದೇಶ) ತಯಾರಿ ಮಾಡ್ತಿದ್ರು. ಊಟದ ಚಿಂತೆ ಬೇಡ, ಅಲ್ಲಿ ನ್ಸಿಮಾ ಅಂತ ಮೆಕ್ಕೆಜೋಳದ ಬಿಳಿ ಮುದ್ದೆ, ಜೊತೆಗೆ ಸೊಪ್ಪು, ಮೈಸೂರು ಕಡೆಯೋರಿಗೆ ತವರು ಮನೆ ಇದ್ದ ಹಾಗೆ, ಗದಗದವ್ರು ರೊಟ್ಟಿಗೆ ಸ್ವಲ್ಪ ಅಳ್ಬೇಕಾಗುತ್ತೆ.

ಇನ್ನು ಮಾತು ಕೊಟ್ಟವರ ಕಥೆ. ನಮಗೆ ಹೊರಡೋವಾಗ 40 ಮನೆ ಇದ್ವು. ಮೊದಲ ವರ್ಷ ಎಲ್ಲರೂ ಕೊಟ್ರು. ಮೂರನೇ ವರ್ಷ 23. ಯಾರೂ ಕೆಟ್ಟವರಲ್ಲ, ಒಬ್ರಿಗೆ ಮಗಳ ಮದುವೆ, ಒಬ್ರಿಗೆ ಕೆಲಸ ಹೋಯ್ತು, ಮೂರ್ನಾಲ್ಕು ಜನ ನಾವು ಬದುಕಿದೀವಿ ಅನ್ನೋದೇ ಮರೆತಿದ್ರು. ಮರೆತದ್ದು ನಮ್ಮ ತಪ್ಪು. ನಾವು ಎಲ್ರಿಗೂ ಒಂದೇ ಸುತ್ತೋಲೆ ಥರ ಲೆಟರ್ ಕಳಿಸ್ತಿದ್ವಿ, “ಕರ್ತನು ಮಹತ್ಕಾರ್ಯಗಳನ್ನು ಮಾಡುತ್ತಿದ್ದಾನೆ” ಅಂತ, ಓದೋರಿಗೆ ಅದ್ರಲ್ಲಿ ಏನ್ ಸಿಗುತ್ತೆ ಹೇಳಿ. ಆಮೇಲೆ ವಾಯ್ಸ್ ಮೆಸೇಜ್ ಶುರು ಮಾಡಿದೆ, ಒಬ್ಬೊಬ್ಬರ ಹೆಸರು ಹಿಡಿದು, ಎರಡು ನಿಮಿಷ. ಇವತ್ತು ಮಲೇರಿಯಾ ಬಂದ ಮಗು ಉಳೀತು, ಇನ್ನೊಂದು ಉಳೀಲಿಲ್ಲ, ನಾನು ಅತ್ಬಿಟ್ಟೆ, ಕರೆಂಟ್ ಇಲ್ಲ, ನಿಮ್ಮ ಮಂಡಿ ನೋವು ಹೇಗಿದೆ. ಬಿಟ್ಟವರಲ್ಲಿ ಆರು ಮನೆ ವಾಪಸ್ ಬಂದ್ರು.

ಆಮೇಲೆ ಎಮರ್ಜೆನ್ಸಿಗೆ ಅಂತ ಬೇರೆ ದುಡ್ಡು ಎತ್ತಿಟ್ಕೊಳ್ದೆ ಹೋಗ್ಬೇಡಿ. ನಮ್ಮತ್ತೆ ತೀರ್ಕೊಂಡಾಗ ಟಿಕೆಟ್‌ಗೆ ದುಡ್ಡು ಹೊಂದಿಸೋದ್ರಲ್ಲಿ ನಾಲ್ಕು ದಿನ ಹೋಯ್ತು. ಮಣ್ಣಿಗೆ ಸಿಗ್ಲಿಲ್ಲ.
ಮೈಸೂರು

ಧರ್ಮದ ವಿಷಯ ನನಗೆ ಬೇಡ, ಲೆಕ್ಕ ಮಾತ್ರ ಹೇಳ್ತೀನಿ, ಇದು ನನ್ನ ದಿನದ ಕೆಲ್ಸ. ಸಂಸ್ಥೆಯನ್ನ ಮೂರು ಪ್ರಶ್ನೆ ಕೇಳಿ. ಹಣ ಯಾರ ಅಕೌಂಟ್‌ಗೆ ಬರುತ್ತೆ, ಮಲಾವಿಗೆ ಹೇಗೆ ಹೋಗುತ್ತೆ, ನಿಮಗೆ ವರ್ಷಕ್ಕೊಮ್ಮೆ ಲೆಕ್ಕದ ಸ್ಟೇಟ್‌ಮೆಂಟ್ ಕೊಡ್ತಾರಾ. ಎರಡನೇದು ಮುಖ್ಯ, ಯಾಕಂದ್ರೆ ಇಲ್ಲಿನ ಚಾರಿಟಬಲ್ ಟ್ರಸ್ಟ್ ತನ್ನ ಆದಾಯವನ್ನ ಹೊರದೇಶದಲ್ಲಿ ಖರ್ಚು ಮಾಡಿದ್ರೆ ಸಿಬಿಡಿಟಿ (ಕೇಂದ್ರದ ನೇರ ತೆರಿಗೆ ಮಂಡಳಿ) ಒಪ್ಪಿಗೆ ಇಲ್ದೆ ಆ ಮೊತ್ತಕ್ಕೆ ತೆರಿಗೆ ವಿನಾಯಿತಿ ಸಿಗಲ್ಲ, ಎಷ್ಟೋ ಸಭೆಗಳು ಇದು ಗೊತ್ತಿಲ್ದೇ ಹೂಂ ಅಂದು ಆಮೇಲೆ ಆಡಿಟ್‌ನಲ್ಲಿ ಸಿಕ್ಕಾಕ್ಕೊಂಡು ಕೈ ಎತ್ತುತ್ವೆ. ವ್ಯಕ್ತಿಗಳು ನೇರವಾಗಿ ಕಳಿಸೋದಾದ್ರೆ ಆರ್‌ಬಿಐನ ಎಲ್‌ಆರ್‌ಎಸ್ ಸ್ಕೀಮ್ ಇದೆ, ವರ್ಷಕ್ಕೆ ತಲಾ ಎರಡೂವರೆ ಲಕ್ಷ ಡಾಲರ್ ತನಕ, ನಿಮ್ಮ ದಾನಿಗಳು ಅದರ ಹತ್ರಕ್ಕೂ ಬರಲ್ಲ, ಪ್ಯಾನ್ ಕಾರ್ಡ್ ಬೇಕು ಅಷ್ಟೇ. ಅಮೆರಿಕಾದಲ್ಲಿರೋ ಕಸಿನ್ ಕೊಡ್ತಾನೆ ಅಂತ ಖುಷಿ ಆಗೋ ಮೊದ್ಲು ಅವನ ಪಾಸ್‌ಪೋರ್ಟ್ ಯಾವ್ದು ಕೇಳಿ. ಇಂಡಿಯನ್ ಪಾಸ್‌ಪೋರ್ಟ್ ಇದ್ದು ಬ್ಯಾಂಕ್ ಮೂಲಕ ತನ್ನ ಸ್ವಂತ ದುಡ್ಡು ಕೊಟ್ರೆ ಪರ್ವಾಗಿಲ್ಲ, ಅಲ್ಲಿನ ಪೌರ ಆಗಿದ್ರೆ, ಭಾರತ ಮೂಲದವ್ರಿಗೆ ಕೊಡೋ ಓಸಿಐ ಕಾರ್ಡ್ ಇದ್ರೂ ಕೂಡ, ಅದು ವಿದೇಶಿ ದೇಣಿಗೆ, ಇಲ್ಲಿನ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇಲ್ದೆ ತಗೊಳ್ಳೋ ಹಾಗಿಲ್ಲ. “ತೆರಿಗೆ ರಿಯಾಯಿತಿಯ ರಸೀದಿ ಕೊಡ್ತೀವಿ” ಅಂತ ನೀವಾಗೇ ಸಭೇಲಿ ಹೇಳ್ಬೇಡಿ, ಧಾರ್ಮಿಕ ಕೆಲಸಕ್ಕೆ ಅದು ಸಾಮಾನ್ಯವಾಗಿ ಸಿಗಲ್ಲ, ಹೊಸ ಟ್ಯಾಕ್ಸ್ ಪದ್ಧತಿಲಿರೋರಿಗೆ ಅದ್ರಿಂದ ಉಪಯೋಗವೂ ಇಲ್ಲ. ಸಂಸ್ಥೆಯವರು ಈ ಪ್ರಶ್ನೆಗಳಿಗೆ “ದೇವರು ನೋಡ್ಕೋತಾನೆ” ಅಂದ್ರೆ ಆ ಸಂಸ್ಥೆ ಬಿಡಿ.
ಬೆಂಗಳೂರು

ನನ್ನ ಮಾತು ನಿಮಗೆ ರುಚಿಸಲಿಕ್ಕಿಲ್ಲ. ನಾನು ರಾಯಚೂರು ಜಿಲ್ಲೆ ಹಳ್ಳಿಗಳಲ್ಲಿ ಸೈಕಲ್ ತುಳ್ಕೊಂಡು ಸೇವೆ ಮಾಡೋನು. ನಮ್ಮೂರ ಸಬ್‌ಸೆಂಟರ್‌ಗೆ ನರ್ಸ್ ಬಂದು ನೆಟ್ಟಗೆ ಒಂದು ತಿಂಗಳು ನಿಂತದ್ದಿಲ್ಲ. ಆಫ್ರಿಕಾ ಅಂದ್ರೆ ಸಭೆಯವರು ಶಾಲನ್ನಾದ್ರೂ ಹಾಕ್ತಾರೆ, ರಾಯಚೂರು ಅಂದ್ರೆ ಅದೂ ಇಲ್ಲ. ನೀವು ಹೋಗ್ಲೇಬಾರ್ದು ಅಂತಲ್ಲ, ಆದ್ರೆ “ಇಲ್ಲೇ ಯಾಕೆ ಮಾಡಬಾರ್ದು” ಅಂತ ಕೇಳಿದವ್ರ ಮೇಲೆ ಸಿಟ್ಟು ಮಾಡ್ಕೊಂಡೆ ಅಂತ ಬರೆದಿದೀರಲ್ಲ, ಅದಕ್ಕೆ ಹೇಳಿದೆ. ಆ ಪ್ರಶ್ನೆಗೆ ನಿಮ್ಮ ಹತ್ರ ಉತ್ತರ ಇರ್ಬೇಕು, ಸಿಟ್ಟಲ್ಲ.
ರಾಯಚೂರು

ನಾನು ನಮ್ಮ ಸಭೆಯ ಸ್ತ್ರೀಯರ ಕೂಟದ ಸೆಕ್ರೆಟರಿ ಆಗಿ ಒಂಬತ್ತು ವರ್ಷ ಇದ್ದೆ. ನಮ್ಮ ಮನೆ ಮೇಲೆ ಒಂದು ಮಿಜೋರಾಂ ಹುಡುಗಿ ಬಾಡಿಗೆಗಿದ್ಲು, ನರ್ಸಿಂಗ್ ಓದ್ತಿದ್ಲು. ಅವ್ಳು ಅನ್ನಕ್ಕಿಡೋವಾಗ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಿಗೆ ಹಾಕೋಳು. ಏನೇ ಇದು ಅಂದ್ರೆ ಬುಹ್‌ಫಾಯ್ ಥಾಮ್ ಅಂತೆ, ಅವ್ರ ಕಡೆ ಮನೆ ಮನೇಲೂ ಅಮ್ಮಂದಿರು ಹೀಗೇ ತೆಗೆದಿಡ್ತಾರೆ, ಸಭೆ ಹೆಂಗಸ್ರು ಬಂದು ಒಟ್ಟು ಮಾಡಿ ಮಾರ್ತಾರೆ, ಆ ದುಡ್ಡು ಸಭೆಯ ಕೆಲ್ಸಕ್ಕೆ, ಮಿಷನರಿಗಳಿಗೆ. ನೂರು ವರ್ಷದಿಂದ ನಡೀತಿದೆಯಂತೆ. ನಾವೂ ಶುರು ಮಾಡಿದ್ವಿ. ಮೊದಲ ತಿಂಗಳು ಜನ ನಕ್ರು, ರೇಷನ್ ಅಕ್ಕಿ ತಂದು ಸುರಿದು ಹೋದೋರೂ ಇದ್ರು, ಹುಳ ಬಿದ್ದ ಅಕ್ಕಿ ತಂದ ಪುಣ್ಯಾತ್ಗಿತ್ತಿ ಯಾರು ಅಂತ ನನಗೆ ಈಗ್ಲೂ ಗೊತ್ತು. ಆದ್ರೂ ವರ್ಷದ ಕೊನೆಗೆ ಒಬ್ಬ ಸೇವಕರ ಮನೆಯ ಐದು ತಿಂಗಳ ದಿನಸಿ ಬಿಲ್ಲಿಗೆ ಆಯ್ತು. ಗಂಡಸ್ರ ಕಮಿಟಿ ಹತ್ರ ಅರ್ಜಿ ಹಿಡ್ಕೊಂಡು ನಿಲ್ಲೋ ಬದ್ಲು ಹೆಂಗಸ್ರ ಹತ್ರ ಬಾ ತಾಯಿ. ಕಮಿಟಿ ಮುಂದಿನ ಮೀಟಿಂಗ್‌ಗೆ ಹಾಕುತ್ತೆ.
ಚಿಕ್ಕಮಗಳೂರು

ಎಲ್ಲರೂ ದುಡ್ಡಿನ ಬಗ್ಗೆ ಬರೀತಾರೆ, ನಾನು ನಿಮ್ಮ ಮಗಳ ಬಗ್ಗೆ ಬರೀತೀನಿ, ಯಾಕಂದ್ರೆ ನಾನು ಆ ಮಗು ಆಗಿದ್ದೆ. ಅಪ್ಪ ಅಮ್ಮ ಹೊರದೇಶಕ್ಕೆ ಹೋಗೋ ಮುಂಚೆ ಒಂದೂವರೆ ವರ್ಷ ನನ್ನ ಪ್ರತಿ ಭಾನುವಾರ ಬೇರೆ ಬೇರೆ ಸಭೇಲಿ. ಆ ದೇಶದ ಡ್ರೆಸ್ ಹಾಕ್ಸಿ ಸ್ಟೇಜ್ ಹತ್ತಿಸೋರು, ಆ ಭಾಷೇಲಿ ಒಂದು ಹಾಡು ಹೇಳ್ಬೇಕು. ಒಂದ್ಸಲ ಜ್ವರ ಇದ್ರೂ ಹಾಡ್ದೆ, ಹಾಡಿದ್ರೆ ಜನ ಜಾಸ್ತಿ ಕೊಡ್ತಾರೆ ಅಂತ ನನಗೇ ಗೊತ್ತಾಗಿತ್ತು, ಆಗ ನನಗೆ ಎಂಟು ವರ್ಷ. ಅಪ್ಪ ಅಮ್ಮನ ಮೇಲೆ ಈಗ ಕೋಪ ಇಲ್ಲ. ಆದ್ರೆ ನಿಮ್ಮ ಮಗಳನ್ನ ಕೇಳಿ, ಬರೋಕೆ ಇಷ್ಟ ಇಲ್ಲ ಅಂದ್ರೆ ಅಜ್ಜಿ ಮನೇಲಿ ಬಿಡಿ, ಸ್ಟೇಜ್ ಹತ್ತಿಸ್ಬೇಡಿ. ಬಂದ್ರೆ ಅವಳಿಗೂ ಏನಾದ್ರೂ ಸಿಗೋ ಹಾಗೆ ನೋಡ್ಕೊಳ್ಳಿ. ನನಗೆ ಆ ಒಂದೂವರೆ ವರ್ಷದಲ್ಲಿ ಯಾವ ಪ್ರಸಂಗವೂ ನೆನಪಿಲ್ಲ. ಸಕಲೇಶಪುರದ ಹತ್ರ ಒಂದು ಎಸ್ಟೇಟ್‌ನ ಕೂಲಿಯವ್ರ ಲೈನ್ ಮನೇಲಿ ರಾತ್ರಿ ಉಳಿದಿದ್ವಿ, ಅವ್ರ ಬೆಕ್ಕು ಮರಿ ಹಾಕಿತ್ತು, ಆ ಮನೆ ಅಜ್ಜಿ ನನ್ನನ್ನ ಹಾಡು ಅನ್ಲಿಲ್ಲ, ಮರಿ ಎತ್ಕೊಂಡು ಒಲೆ ಹತ್ರ ಕೂತ್ಕೋ ಅಂದ್ರು. ಅವ್ರು ಸಾಯೋ ತನಕ ನಮಗೆ ತಿಂಗಳಿಗೆ ಇಪ್ಪತ್ತೈದು ರೂಪಾಯಿ ಮನಿಯಾರ್ಡರ್ ಕಳಿಸಿದ್ರು ಅಂತ ಅಮ್ಮ ಮೊನ್ನೆ ಹಳೇ ನೋಟ್‌ಬುಕ್ ತೆಗೆದು ತೋರಿಸಿದ್ರು.
ಹಾಸನ