ಅಪ್‌ಡೇಟ್: ಹ್ಯಾಮಕ್‌ನಲ್ಲಿ ಬೆನ್ನು ಕೊರೆಯುವ ಚಳಿ, ಕೊನೆಗೂ ಬಗೆಹರಿಯಿತು

ಹೋದ ವಾರ ಕೇಳಿದ್ದೆನಲ್ಲ, ಮಡಿಕೇರಿ ಹತ್ತಿರದ ನಮ್ಮ ತೋಟದಲ್ಲಿ ಹ್ಯಾಮಕ್ (ಮರಗಳ ನಡುವೆ ಕಟ್ಟುವ ಬಟ್ಟೆಯ ತೂಗುಹಾಸಿಗೆ) ಕಟ್ಟಿ ಮಲಗಿದರೆ ಸ್ಲೀಪಿಂಗ್ ಬ್ಯಾಗ್ ಇದ್ದರೂ ನಡುರಾತ್ರಿ ಬೆನ್ನು ಕೊರೆಯುತ್ತದೆ ಅಂತ. ನೀವೆಲ್ಲ ಕೊಟ್ಟ ಸಲಹೆಯಂತೆ ಮೂರು ರಾತ್ರಿ ಮಲಗಿ ನೋಡಿದೆ.

ಇನ್ನೂ ದಪ್ಪದ ಸ್ಲೀಪಿಂಗ್ ಬ್ಯಾಗ್ ತಂದರೂ ಪ್ರಯೋಜನ ಆಗಲಿಲ್ಲ. ಮೈಭಾರಕ್ಕೆ ಅದರ ಅಡಿಭಾಗ ಅಪ್ಪಚ್ಚಿ ಆಗುತ್ತದೆ, ಬಿಸಿ ಹಿಡಿದಿಡುವ ಗಾಳಿಯೇ ಉಳಿಯುವುದಿಲ್ಲ. ಯೋಗ ಮ್ಯಾಟ್ ಪರವಾಗಿಲ್ಲ, ಆದರೆ ಬೆಳಗಾಗುವಷ್ಟರಲ್ಲಿ ಜಾರಿ ಕಾಲಡಿ ಸೇರಿತ್ತು.

ಗೆದ್ದದ್ದು, ರಜಾಯಿಯನ್ನು ಹ್ಯಾಮಕ್‌ನ ಹೊರಗೆ, ಕೆಳಗಡೆ ತೂಗುಹಾಕಿ ಎಂದ ಅಣ್ಣನ ಸಲಹೆ. ಎರಡೂ ತುದಿ ಸುತ್ತಿ ಎಲಾಸ್ಟಿಕ್ ಹಗ್ಗದಲ್ಲಿ ಕಟ್ಟಿದೆ. ಬೆನ್ನಿಗೆ ತಾಗುವಷ್ಟು ಹತ್ತಿರ ಇರಬೇಕು, ಭಾರ ಮಾತ್ರ ಬೀಳಬಾರದು. ಮೊದಲ ಸಲ ಸಡಿಲ ಬಿಟ್ಟು, ಸಂದಿಯಲ್ಲಿ ಗಾಳಿ ನುಗ್ಗಿ ನಡುಗಿದೆ. ಓರೆಯಾಗಿ ಮಲಗಿ ಎಂದವರಿಗೂ ಥ್ಯಾಂಕ್ಸ್, ಸೊಂಟ ನೋವು ಮಾಯ.

ಎರಡನೇ ರಾತ್ರಿ ಮಳೆ. ಮೇಲೆ ಟಾರ್ಪಾಲು ಇದ್ದರೂ ಹ್ಯಾಮಕ್ ಒದ್ದೆ! ನೋಡಿದರೆ, ನೀರು ಸಿಲ್ವರ್ ಓಕ್ ಮರದಿಂದ ಹ್ಯಾಮಕ್ ಕಟ್ಟಿದ ಪಟ್ಟಿ ಹಿಡಿದು ಸೀದಾ ಒಳಗೆ ಬರುತ್ತಿತ್ತು. ಟಾರ್ಪಾಲಿನ ಅಂಚಿನ ಒಳಗೆ ಪಟ್ಟಿಗೊಂದು ತುಂಡು ದಾರ ಕಟ್ಟಿ ಇಳಿಬಿಟ್ಟೆ. ನೀರು ಅಲ್ಲೇ ತೊಟ್ಟಿಕ್ಕಿತು. ಇದನ್ನು ಯಾರೂ ಹೇಳಿರಲಿಲ್ಲ ಅಲ್ವಾ? ಅಮ್ಮ ಮಾತ್ರ "ಒಳಗೆ ಮಂಚ ಇಲ್ವಾ ನಿಂಗೆ?" ಅಂದರು.

ಬೇಸಿಗೆಗೆ ರಜಾಯಿ ಬಿಚ್ಚಿದರೆ ಸಾಕು, ಕೆಳಗಿನ ಗಾಳಿಯೇ ಹಿತ. ಜೂನ್‌ನಲ್ಲಿ ಜಿಗಣೆ ಜಾಸ್ತಿ ಆದ ಮೇಲೆ ಶೂ ನೆಲದಲ್ಲಿ ಬಿಡಬೇಡಿ, ಹಗ್ಗಕ್ಕೆ ನೇತುಹಾಕಿ.