ಪಾರ್ಕಿನ್ಸನ್ ಸಂಶೋಧನೆಗೆ ಕೇಂದ್ರದ ದುಡ್ಡು ಎಷ್ಟು? ಲೆಕ್ಕ ಕೇಳೋದು ಯಾರನ್ನ?

ಬಳಗ_ದಾವಣಗೆರೆ
ಪಾರ್ಕಿನ್ಸನ್ ಇರುವವರ ಮನೆಯವರು ಸೇರಿ ಸಂಸದರಿಗೊಂದು ಮನವಿ ಕೊಡುವ ಯೋಚನೆ ಇದೆ. ಕೇಂದ್ರ ಬಜೆಟ್ ಪುಸ್ತಕ ಜಾಲಾಡಿದರೂ ಈ ಕಾಯಿಲೆಯ ಹೆಸರೇ ಕಾಣಲಿಲ್ಲ. ಸಂಶೋಧನೆಗೆ ಸರ್ಕಾರ ಎಷ್ಟು ಕೊಡುತ್ತೆ, ಯಾವ ಇಲಾಖೆಯಿಂದ ಹೋಗುತ್ತೆ, ಖರ್ಚಾಗಿದ್ದನ್ನು ಸಂಸತ್ತು ಹೇಗೆ ವಿಚಾರಿಸುತ್ತೆ? ಸುಮ್ಮನೆ "ಹೆಚ್ಚು ಹಣ ಕೊಡಿ" ಅಂತ ಬರೆದರೆ ಯಾರೂ ಓದಲ್ಲ. ಅಂಕಿ ಸಮೇತ ಬರೆಯೋದು ಹೇಗೆ? ಅಮೆರಿಕದಲ್ಲಿ 2024ರಲ್ಲಿ ಇದಕ್ಕಂತಲೇ ಕಾಯ್ದೆ ಬಂತಲ್ಲ, ಅಂಥದ್ದೇ ಇಲ್ಲೂ ಕೇಳಬಹುದಾ?

ಖಾತೆ_ಕಿರ್ದಿ
ಹೆಸರು ಸಿಗದಿರೋದು ಸಹಜ. ನಮ್ಮ ಬಜೆಟ್‌ನಲ್ಲಿ ಹಣ ಇಡೋದು ಇಲಾಖೆ, ಸಂಸ್ಥೆ, ಯೋಜನೆಯ ಹೆಸರಲ್ಲಿ. ಸಂಶೋಧನೆಗೆ ಕಾಯಿಲೆವಾರು ಲೆಕ್ಕಶೀರ್ಷಿಕೆ ಹುಡುಕಿ ಪ್ರಯೋಜನ ಇಲ್ಲ.

ಹಣದ ಮೊದಲ ಮೂಲ ಆರೋಗ್ಯ ಸಂಶೋಧನಾ ಇಲಾಖೆ. 2024-25ರ ಬಜೆಟ್ ಅಂದಾಜು 3,301.73 ಕೋಟಿ ರೂ., 2025-26ಕ್ಕೆ 3,900.69 ಕೋಟಿ. ಅದರ ಬಹುಪಾಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ಗೆ ಹೋಗುತ್ತೆ. ಅಲ್ಲಿ ಸ್ವಂತ ಸಂಸ್ಥೆಗಳ ಸಂಬಳ, ಕಟ್ಟಡ, ಯಂತ್ರ ಎಲ್ಲ ಆದಮೇಲೆ ಹೊರಗಿನ ಕಾಲೇಜುಗಳಿಗೆ ಕೊಡುವ ಅನುದಾನ ಅಂತ ಒಂದು ಭಾಗ ಇದೆ. ಪಾರ್ಕಿನ್ಸನ್ ಪ್ರಾಜೆಕ್ಟುಗಳು ಹೆಚ್ಚಾಗಿ ಅಲ್ಲಿ ಅಡಗಿರುತ್ತವೆ.

ಅಷ್ಟನ್ನೇ ಹಿಡಿದು "ಇಷ್ಟೇ ಖರ್ಚು" ಅಂದರೆ ತಪ್ಪಾಗುತ್ತೆ. ನಿಮ್ಹಾನ್ಸ್ ಇರೋದು ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯ ಕೆಳಗೆ, ಅದರ ಅನುದಾನ ಬೇರೆ ಬೇಡಿಕೆಯಲ್ಲಿದೆ (ಬೇಡಿಕೆ ಅಂದರೆ ಇಲಾಖೆಯ ಖರ್ಚಿಗೆ ಸಂಸತ್ತಿನ ಮುಂದಿಡುವ ಅನುದಾನದ ಕೋರಿಕೆ). ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಮತ್ತು ಸಂಶೋಧನೆಗೆ ಅನುದಾನ ಕೊಡುವ ಪ್ರತಿಷ್ಠಾನ ಎಎನ್‌ಆರ್‌ಎಫ್ ವಿಜ್ಞಾನ-ತಂತ್ರಜ್ಞಾನ ಸಚಿವಾಲಯದ ಕಡೆಯವು. ಮೊದಲು ಈ ಅನುದಾನ ಕೊಡುತ್ತಿದ್ದ ಎಸ್‌ಇಆರ್‌ಬಿ ಈಗ ಎಎನ್‌ಆರ್‌ಎಫ್‌ನಲ್ಲಿ ಸೇರಿಹೋಗಿದೆ, ಹಾಗಾಗಿ ಹಳೇ ಪ್ರಾಜೆಕ್ಟುಗಳನ್ನೂ ಅಲ್ಲೇ ಕೇಳಬೇಕು. ಆಯುಷ್ ಸಚಿವಾಲಯದ ಆಯುರ್ವೇದ ಸಂಶೋಧನಾ ಮಂಡಳಿ ಸಿಸಿಆರ್‌ಎಎಸ್ ಅನ್ನು ಎಲ್ಲರೂ ಮರೀತಾರೆ. ನಸುಗುನ್ನಿ ಬೀಜದಲ್ಲಿ ಪಾರ್ಕಿನ್ಸನ್ ಔಷಧಿಯಾದ ಲೆವೊಡೋಪಾ ಇರೋದರಿಂದ ಆ ಕಡೆಯೂ ಕೆಲಸ ನಡೆದಿದೆ. ಅಲ್ಲಿ "ಪಾರ್ಕಿನ್ಸನ್" ಒಂದೇ ಕೊಟ್ಟರೆ ಸಾಲದು, "ಕಂಪವಾತ" ಅಂತಲೂ ಹುಡುಕಿ.

ಪುಕ್ಕಟೆ ಸಿಗುವ ಇನ್ನೊಂದು ದಾಖಲೆ ಐಸಿಎಂಆರ್ ನಡೆಸುವ ಸಿಟಿಆರ್‌ಐ, ಅಂದರೆ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ. 2009ರ ಜೂನ್ 15ರಿಂದ ನೋಂದಣಿ ಕಡ್ಡಾಯ. ಪ್ರತಿ ಟ್ರಯಲ್‌ನಲ್ಲೂ ಹಣ ಕೊಟ್ಟವರು ಯಾರು ಅನ್ನುವ ಕಲಂ ಇದೆ, ಸ್ನಾತಕೋತ್ತರ ಪ್ರಬಂಧವೋ ಅಲ್ಲವೋ ಅನ್ನೋದೂ ಇದೆ. ಪ್ರಬಂಧ, ಔಷಧ ಕಂಪನಿಯ ಟ್ರಯಲ್ ಎರಡನ್ನೂ ತೆಗೆದುಹಾಕಿ ಉಳಿದದ್ದನ್ನು ನೋಡಿ. ಪ್ರಯೋಗಾಲಯದೊಳಗಿನ ಕೆಲಸ ಮಾತ್ರ ಇದರಲ್ಲಿ ಬರಲ್ಲ.

ಆರ್‌ಟಿಐ_ಕೋಟೆನಾಡು
ಮನವಿಗಿಂತ ಮೊದಲು ಆರ್‌ಟಿಐ ಹಾಕ್ರಿ. ಎಲ್ಲರೂ ಎಡವೋದು ಒಂದೇ ಕಡೆ: "ಪಾರ್ಕಿನ್ಸನ್‌ಗೆ ಎಷ್ಟು ಖರ್ಚು ಮಾಡಿದ್ದೀರಿ, ಯಾಕೆ ಇಷ್ಟು ಕಡಿಮೆ?" ಅಂತ ಕೇಳ್ತಾರೆ. "ಯಾಕೆ" ಅನ್ನೋದು ಮಾಹಿತಿ ಅಲ್ಲ, ಅಭಿಪ್ರಾಯ. "ಎಷ್ಟು" ಅಂದರೆ "ಕಾಯಿಲೆವಾರು ಲೆಕ್ಕ ಇಟ್ಟಿಲ್ಲ" ಅಂತ ಒಂದೇ ಸಾಲಿನ ಉತ್ತರ ಬರುತ್ತೆ, ಅದು ಸುಳ್ಳೂ ಅಲ್ಲ. ಅವರ ಹತ್ತಿರ ಇರೋದನ್ನೇ ಕೇಳಬೇಕು. ಹೀಗೆ:

"2020-21ರಿಂದ 2024-25ರವರೆಗೆ ಮಂಜೂರಾದ, ಶೀರ್ಷಿಕೆಯಲ್ಲಿ ಪಾರ್ಕಿನ್ಸನ್ ಎಂಬ ಪದವಿರುವ ಸಂಶೋಧನಾ ಪ್ರಾಜೆಕ್ಟುಗಳ ಪಟ್ಟಿ. ಪ್ರತಿಯೊಂದಕ್ಕೂ: ಸಂಸ್ಥೆ, ಮಂಜೂರಾತಿ ದಿನಾಂಕ, ಅವಧಿ, ಮಂಜೂರಾದ ಮೊತ್ತ, ವರ್ಷವಾರು ಬಿಡುಗಡೆ, ಬಳಕೆ ಪ್ರಮಾಣಪತ್ರ ಬಂದ ದಿನಾಂಕ."

ಕೊನೆಯ ಕಲಂ ಬಿಡಬೇಡಿ. ಆರ್ಥಿಕ ವರ್ಷ ಮುಗಿದು 12 ತಿಂಗಳೊಳಗೆ ಅನುದಾನ ಪಡೆದ ಸಂಸ್ಥೆ ಬಳಕೆ ಪ್ರಮಾಣಪತ್ರ (ಹಣ ಕೊಟ್ಟ ಉದ್ದೇಶಕ್ಕೇ ಖರ್ಚಾಗಿದೆ ಅನ್ನುವ ಪತ್ರ) ಕೊಡಬೇಕು, ಸ್ವಾಯತ್ತ ಸಂಸ್ಥೆಗಳಿಗೆ ಅದು ಕೇಂದ್ರದ ಹಣಕಾಸು ನಿಯಮಗಳ ಜಿಎಫ್‌ಆರ್ 12-ಎ ನಮೂನೆ. ಅದು ಬರದಿದ್ದರೆ ಮುಂದಿನ ಕಂತು ಸಿಕ್ಕಿಬೀಳುತ್ತೆ. ಕಂತು ತಡವಾದರೆ ಪ್ರಾಜೆಕ್ಟ್ ಸಿಬ್ಬಂದಿ ಕೆಲಸ ಬಿಟ್ಟು ಹೋಗ್ತಾರೆ, ರೋಗಿಗಳ ಫಾಲೋಅಪ್ ಅರ್ಧಕ್ಕೇ ನಿಲ್ಲುತ್ತೆ. ಮಂಜೂರಾದ ಮೊತ್ತ ಒಂದನ್ನೇ ನೋಡಿದರೆ ಇದು ಗೊತ್ತೇ ಆಗಲ್ಲ.

ಐದು ವರ್ಷಕ್ಕೇ ನಿಲ್ಲಿಸಿ. ಇಪ್ಪತ್ತು ವರ್ಷದ್ದು ಕೇಳಿದರೆ ಆರ್‌ಟಿಐ ಕಾಯ್ದೆಯ 7(9)ನೇ ಸೆಕ್ಷನ್ ತೋರಿಸಿ, ಸಂಪನ್ಮೂಲ ವ್ಯರ್ಥ ಅಂತ ಜಾರಿಕೊಳ್ತಾರೆ. ಐಸಿಎಂಆರ್, ಆರೋಗ್ಯ ಸಂಶೋಧನಾ ಇಲಾಖೆ, ಡಿಬಿಟಿ, ಎಎನ್‌ಆರ್‌ಎಫ್, ನಿಮ್ಹಾನ್ಸ್, ಸಿಸಿಆರ್‌ಎಎಸ್: ಆರಕ್ಕೂ ಬೇರೆ ಬೇರೆ ಅರ್ಜಿ, ತಲಾ 10 ರೂ. 6(3)ನೇ ಸೆಕ್ಷನ್‌ನಲ್ಲಿ ಅವರೇ ಬೇರೆ ಇಲಾಖೆಗೆ ವರ್ಗಾಯಿಸಲಿ ಅಂತ ಒಂದೇ ಅರ್ಜಿ ಹಾಕಿ ಕೂತರೆ ಕಾಲ ಹಾಳು. ಕೇಂದ್ರದ ಆನ್‌ಲೈನ್ ಪೋರ್ಟಲ್‌ನಲ್ಲಿ ಸಂಸ್ಥೆಯ ಹೆಸರು ಸಿಗದಿದ್ದರೆ 10 ರೂ. ಪೋಸ್ಟಲ್ ಆರ್ಡರ್ ಲಗತ್ತಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. 30 ದಿನದೊಳಗೆ ಉತ್ತರ ಇಲ್ಲಾಂದ್ರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ.

ಇಲ್ಲಿನ ವೈದ್ಯಕೀಯ ಕಾಲೇಜುಗಳಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿ ಕೊಡುವ ಸಂಶೋಧನಾ ಅನುದಾನ ರಾಜ್ಯದ ಲೆಕ್ಕ. ಅಲ್ಲಿಗೆ ಹಾಕೋದಾದರೆ ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ.

ಗ್ಯಾಲರಿ_ಸೀಟು
ಅಮೆರಿಕದ ವಿಷಯಕ್ಕೆ. ಆಗಿನ ಅಧ್ಯಕ್ಷ ಬೈಡನ್ 2024ರ ಜುಲೈ 2ರಂದು ಸಹಿ ಹಾಕಿದ ಆ ಕಾಯ್ದೆಯಲ್ಲಿ ಹೊಸ ಹಣ ಇಲ್ಲ. ಇರೋದು ರಾಷ್ಟ್ರೀಯ ಯೋಜನೆ, ಸಲಹಾ ಮಂಡಳಿ, ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ಗೆ ವರದಿ. ಅದಕ್ಕೂ ಮುಂಚೆ 1997ರ ಯುಡಾಲ್ ಕಾಯ್ದೆ ಪಾರ್ಕಿನ್ಸನ್ ಸಂಶೋಧನೆಗೆ 10 ಕೋಟಿ ಡಾಲರ್‌ವರೆಗೆ ಅವಕಾಶ ಕೊಟ್ಟಿತು. ಆದರೆ ಅಲ್ಲಿ ಅನುಮತಿಯೇ ಬೇರೆ, ವಿನಿಯೋಗವೇ ಬೇರೆ. ಪ್ರತಿ ವರ್ಷ ವಿನಿಯೋಗ ಸಮಿತಿ ಬರೆದರಷ್ಟೇ ದುಡ್ಡು. ಹೆಸರು ಹಿಡಿದು ಹಣ ಬಂದದ್ದು ವಿಚಿತ್ರ ಅಂದರೆ ರಕ್ಷಣಾ ಇಲಾಖೆಯ ಪಾರ್ಕಿನ್ಸನ್ ಸಂಶೋಧನಾ ಕಾರ್ಯಕ್ರಮದಲ್ಲಿ, ಹಲವು ವರ್ಷ 1.6 ಕೋಟಿ ಡಾಲರ್‌ನಂತೆ.

ಇಲ್ಲಿ ಕಾಯ್ದೆ ಕೇಳೋದು ವ್ಯರ್ಥ ಅಂತ ನನ್ನ ಅನಿಸಿಕೆ. ಖಾಸಗಿ ಸದಸ್ಯರ, ಅಂದರೆ ಸಚಿವರಲ್ಲದ ಸಂಸದರ, ಮಸೂದೆ 1970ರ ನಂತರ ಒಂದೂ ಕಾಯ್ದೆ ಆಗಿಲ್ಲ. ಸರ್ಕಾರದ ಸಂಚಿತ ನಿಧಿಯಿಂದ ಖರ್ಚಾಗುವ ಮಸೂದೆಗೆ ಸಂವಿಧಾನದ 117(3)ನೇ ವಿಧಿ ಪ್ರಕಾರ ರಾಷ್ಟ್ರಪತಿಗಳ ಶಿಫಾರಸು ಬೇರೆ ಬೇಕು. ಇರುವ ಕಾಯ್ದೆಯನ್ನೇ ಹಿಡೀರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಪಾರ್ಕಿನ್ಸನ್ ಇದೆ, ಪುನರ್ವಸತಿ ಕುರಿತ ಸಂಶೋಧನೆಯ ಹೊಣೆಯನ್ನು 28ನೇ ಸೆಕ್ಷನ್ ಸರ್ಕಾರಕ್ಕೆ ಹೊರಿಸಿದೆ.

ಇನ್ನು ಸದನ. ಬಜೆಟ್ ಅಧಿವೇಶನದಲ್ಲಿ ಚರ್ಚೆಗೆ ಬಾರದ ಬೇಡಿಕೆಗಳನ್ನೆಲ್ಲ ಗಿಲೋಟಿನ್ ಅಂತ ಒಟ್ಟಿಗೆ ಮತಕ್ಕೆ ಹಾಕ್ತಾರೆ. ನಿಜವಾದ ಪರಿಶೀಲನೆ ಆರೋಗ್ಯದ ಸಂಸದೀಯ ಸ್ಥಾಯಿ ಸಮಿತಿಯಲ್ಲಿ: 31 ಸದಸ್ಯರು, 21 ಲೋಕಸಭೆ, 10 ರಾಜ್ಯಸಭೆ. ಸಮಿತಿಯ ಶಿಫಾರಸಿಗೆ ಇಲಾಖೆ ಮೂರು ತಿಂಗಳೊಳಗೆ ಕ್ರಮದ ವಿವರ ಕೊಡಬೇಕು. ಡಿಬಿಟಿಯನ್ನು ನೋಡೋದು ಇನ್ನೊಂದು ಸಮಿತಿ. ಹಾಗಾಗಿ ಮನವಿಯ ಪ್ರತಿ ಎರಡಕ್ಕೂ ಹೋಗಲಿ.

ಸಂಸದರಿಂದ ಚುಕ್ಕೆ ಗುರುತಿಲ್ಲದ ಪ್ರಶ್ನೆ ಹಾಕಿಸಿ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನವು 20, ಲಾಟರಿಯಲ್ಲಿ ಬರಬೇಕು, ಬಂದರೂ ಮೊದಲ ಕೆಲವಕ್ಕಷ್ಟೇ ಬಾಯಿಮಾತಿನ ಉತ್ತರ. ಗುರುತಿಲ್ಲದವು 230, ಕೋಷ್ಟಕ ಲಿಖಿತವಾಗಿ ಸಿಗುತ್ತೆ. ಕನಿಷ್ಠ 15 ಪೂರ್ಣ ದಿನ ಮುಂಚೆ ನೋಟಿಸ್ ಹೋಗಬೇಕು, ಆದ್ದರಿಂದ ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಕರಡು ಅವರ ಕಚೇರಿ ಮುಟ್ಟಲಿ. "ಮಾಹಿತಿ ಸಂಗ್ರಹಿಸಿ ಸದನದಲ್ಲಿ ಮಂಡಿಸಲಾಗುವುದು" ಅಂತ ಉತ್ತರ ಬಂದರೆ ಬೇಜಾರಾಗಬೇಡಿ. ಅದು ಭರವಸೆ ಅಂತ ದಾಖಲಾಗುತ್ತೆ, ಮೂರು ತಿಂಗಳಲ್ಲಿ ಈಡೇರಿಸಬೇಕು, ಭರವಸೆಗಳ ಸಮಿತಿ ಬೆನ್ನು ಹತ್ತುತ್ತೆ.

ಹರಪನಹಳ್ಳಿಯವರು ವಿಜಯನಗರ ಜಿಲ್ಲೆ ಆದರೂ ಕ್ಷೇತ್ರ ದಾವಣಗೆರೆ, ಡಾ. ಪ್ರಭಾ ಮಲ್ಲಿಕಾರ್ಜುನ ಅವರಿಗೇ ಕೊಡಬಹುದು. ಶಿರಾ, ಪಾವಗಡದವರು ಚಿತ್ರದುರ್ಗದ ಗೋವಿಂದ ಕಾರಜೋಳ ಅವರಿಗೆ.

ಬಳಗ_ದಾವಣಗೆರೆ
ಎಲ್ಲರಿಗೂ ಧನ್ಯವಾದ. ಕರಡು: "(ಎ) ಕಳೆದ ಐದು ವರ್ಷದಲ್ಲಿ ಪಾರ್ಕಿನ್ಸನ್ ಸಂಶೋಧನೆಗೆ ಮಂಜೂರಾದ, ಬಿಡುಗಡೆಯಾದ, ಬಳಕೆಯಾದ ಮೊತ್ತ, ಸಂಸ್ಥೆವಾರು, (ಬಿ) ಈ ವಿವರವನ್ನು ಇಲಾಖೆಯ ವಾರ್ಷಿಕ ವರದಿಯಲ್ಲಿ ಪ್ರಕಟಿಸುವ ಪ್ರಸ್ತಾವ ಇದೆಯೇ, (ಸಿ) ಮೆಕ್ಕೆಜೋಳಕ್ಕೆ ಹೊಡೆಯುವ ಪ್ಯಾರಾಕ್ವಾಟ್ ಕಳೆನಾಶಕದಿಂದ ಈ ಕಾಯಿಲೆ ಬರುವ ಅಪಾಯವನ್ನು ಪರಿಶೀಲಿಸಿ ನಿಷೇಧಿಸಲಾಗುವುದೇ?" ಸರಿ ಇದೆಯಾ?

ಗ್ಯಾಲರಿ_ಸೀಟು
(ಬಿ) ಚೆನ್ನಾಗಿದೆ, ಅದೇ ಮುಖ್ಯ ಬೇಡಿಕೆ ಆಗಲಿ. (ಎ)ನಲ್ಲಿ "ಐಸಿಎಂಆರ್ ಮೂಲಕ" ಅಂತ ಸೇರಿಸಿ, ಇಲ್ಲದಿದ್ದರೆ ಯಾವ ಇಲಾಖೆಯ ಲೆಕ್ಕ ಅನ್ನೋ ತಗಾದೆ ಬರುತ್ತೆ. (ಸಿ) ತೆಗೀರಿ. ಕಳೆನಾಶಕದ ನೋಂದಣಿ, ನಿಷೇಧ 1968ರ ಕೀಟನಾಶಕ ಕಾಯ್ದೆಯ ಕೆಳಗೆ ಕೃಷಿ ಸಚಿವಾಲಯದ ಕೆಲಸ. ಆರೋಗ್ಯದ ಪ್ರಶ್ನೆಯಲ್ಲಿ ಅದನ್ನು ತುರುಕಿದರೆ ಇಡೀ ಪ್ರಶ್ನೆಯೇ ತಿರಸ್ಕಾರ ಆಗಬಹುದು. ಬೇರೆ ನೋಟಿಸ್‌ನಲ್ಲಿ, ಕೃಷಿ ಸಚಿವಾಲಯಕ್ಕೆ ಗೊತ್ತಾದ ದಿನಕ್ಕೆ ಹಾಕಿಸಿ.